ರಷ್ಯಾದ ವೋಚರ್, ಕಾಗೋಡಿನ ಕೊಳಗ

ಸೋವಿಯತ್ ಒಕ್ಕೂಟ ಒಡೆದು 1992ರಲ್ಲಿ ರಷ್ಯಾ ತನ್ನ ಪ್ರಜೆಗಳಿಗೆಲ್ಲ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಿತು: ಸರ್ಕಾರಿ ಕಾರ್ಖಾನೆಗಳಲ್ಲಿ ನಿಮ್ಮ ಪಾಲು ಅಂತ. ಬೆಲೆ ಏರಿಕೆಯಲ್ಲಿ ಸಂಬಳ ಸಾಲದೆ ಎಷ್ಟೋ ಜನ ಸಿಕ್ಕ ರೇಟಿಗೆ ಮಾರಿದರು. 1995ರಲ್ಲಿ ನೊರಿಲ್ಸ್ಕ್ ನಿಕಲ್ ಕಂಪನಿಯ 38% ಷೇರು, ಸರ್ಕಾರಕ್ಕೆ ಕೊಟ್ಟ ಬರೀ 17 ಕೋಟಿ ಡಾಲರ್ ಸಾಲಕ್ಕೆ, ಉದ್ಯಮಿ ಪೊಟಾನಿನ್ ಅವರ ಬ್ಯಾಂಕಿನ ಕೈಗೆ ಹೋಯಿತು. ಕುಬೇರರು ಹುಟ್ಟಿದ್ದು ಹೀಗೆ.

ಈಗ ನಮ್ಮ ಸಾಗರ ತಾಲೂಕಿಗೆ ಬನ್ನಿ. 1951, ಕಾಗೋಡು. ಗೇಣಿ ಭತ್ತ ಅಳೆಯೋ ಕೊಳಗವೇ ದೊಡ್ಡದು. ಬೆಳೆದವರ ಮನೆಗೆ ಉಳಿಯೋದು ಅಷ್ಟಕ್ಕಷ್ಟೇ. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದು ಗೇಣಿದಾರರ ಕೂಗನ್ನು ವಿಧಾನಸಭೆಗೆ ಒಯ್ದರು.

1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ, ಉಳುತ್ತಿದ್ದ ಗದ್ದೆ ಅವನ ಹೆಸರಿಗಾಯಿತು. ಆ ಕಾಯ್ದೆಯ 61ನೇ ಕಲಂ ನನಗೆ ಬಹಳ ದೊಡ್ಡದಾಗಿ ಕಾಣುತ್ತೆ: ಹೀಗೆ ಬಂದ ಜಮೀನನ್ನು 15 ವರ್ಷ ಮಾರೋ ಹಾಗಿಲ್ಲ. ರಷ್ಯಾದ ವೋಚರಿಗೆ ಅಂಥ ಕಾವಲೇ ಇರಲಿಲ್ಲ, ಕೈಗೆ ಬಂದ ದಿನವೇ ಮಾರಬಹುದಿತ್ತು.

2020ರಲ್ಲಿ ಕರ್ನಾಟಕ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಈಗ ಇಲ್ಲಿ ಗದ್ದೆ, ತೋಟ ಕೊಳ್ಳಬಹುದು.