ಬೇಸಗೆಯ ಆರಂಭದಲ್ಲಿ ಹಿತ್ತಲ ತೋಟ

ಫಾಲ್ಗುಣವು ಕಳೆದು ಯುಗಾದಿಯು ಸಮೀಪಿಸುತ್ತಲೇ ನಮ್ಮ ತುಮಕೂರು ಸೀಮೆಯಲ್ಲಿ ಬಿಸಿಲು ತನ್ನ ಪ್ರತಾಪವನ್ನು ತೋರಲಾರಂಭಿಸುವುದು. ಬೇವು ಹೂ ಬಿಡುವುದು; ಮಾವು ಮಿಡಿ ಕಟ್ಟುವುದು; ಹೊಂಗೆಯು ಎಳೆಯ ತಳಿರಿನಿಂದ ಕಂಗೊಳಿಸುವುದು. ದೊಡ್ಡ ಮರಗಳಿಗೆ ವಸಂತವಾದ ಈ ಕಾಲವೇ ಹಿತ್ತಲಿನ ಬದನೆ, ಬೆಂಡೆ, ಮೆಣಸಿನ ಗಿಡಗಳಿಗೆ ಪರೀಕ್ಷಾಕಾಲವು. ಮೂವತ್ತೈದು ವರ್ಷಗಳ ಕಾಲ ಮಕ್ಕಳನ್ನು ಪರೀಕ್ಷಿಸಿದ ನಾವು ನಿವೃತ್ತರಾದ ಮೇಲೆ ಹಿತ್ತಲಿನ ಪರೀಕ್ಷೆಗೆ ಕುಳಿತೆವು. ಮೊದಲನೆಯ ಬೇಸಗೆಯಲ್ಲಿಯೇ ಅನುತ್ತೀರ್ಣರಾದೆವು. ಆ ಸೋಲಿನಿಂದ ಕಲಿತುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ನೀರಿನ ವಿಚಾರ. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರಾಚಾರ್ಯರು ತಮ್ಮ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ನೆಟ್ಟ ಗಿಡಗಳಿಗೆ ಗ್ರೀಷ್ಮದಲ್ಲಿ ಬೆಳಗು ಬೈಗುಗಳೆರಡರಲ್ಲಿಯೂ, ಶೀತಕಾಲದಲ್ಲಿ ದಿನ ಬಿಟ್ಟು ದಿನವೂ, ಮಳೆಗಾಲದಲ್ಲಿ ನೆಲವು ಒಣಗಿದಾಗಲೂ ನೀರೆರೆಯಬೇಕೆಂದು ವಿಧಿಸಿರುವರು. ಮಧ್ಯಾಹ್ನದ ಮಾತನ್ನು ಅವರು ಎತ್ತಿಯೇ ಇಲ್ಲವೆಂಬುದನ್ನು ಗಮನಿಸತಕ್ಕದ್ದು. ಆದರೆ ಎರಡು ಹೊತ್ತು ನೀರೆರೆಯುವ ಭಾಗ್ಯವು ಇಂದು ಎಷ್ಟು ಮನೆಗಳಿಗುಂಟು? 2024ನೆಯ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಳವೆ ಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ಜಲಮಂಡಲಿಯು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿದುದನ್ನು ನಾವೆಲ್ಲರೂ ಬಲ್ಲೆವು. ಆದಕಾರಣ ಇರುವ ನೀರನ್ನು ಅರಿತು ಬಳಸುವುದೇ ಜಾಣತನ.

ಮಧ್ಯಾಹ್ನದಲ್ಲಿ ಕುಂಬಳ, ಹೀರೆಗಳ ಎಲೆಗಳು ಜೋತುಬಿದ್ದುದನ್ನು ಕಂಡು ಅನೇಕರು ಗಾಬರಿಯಿಂದ ಕೊಡ ಹಿಡಿದು ಓಡುವರು. ಬೇರು ಹೀರುವುದಕ್ಕಿಂತ ಹೆಚ್ಚಿನ ನೀರನ್ನು ಎಲೆಯು ಬಿಸಿಲಿನಲ್ಲಿ ಕಳೆದುಕೊಳ್ಳುವುದರಿಂದ ಹೀಗಾಗುವುದು. ಸಂಜೆಗೆ ತಾನಾಗಿ ನೆಟ್ಟಗಾದರೆ ಚಿಂತೆಯಿಲ್ಲ. ಬೆಳಗಿನ ತಂಪಿನಲ್ಲಿಯೂ ಗಿಡವು ಬಾಡಿದ್ದರೆ ಮಾತ್ರ ವಿಚಾರಿಸಬೇಕು. ಪಾತಿಯ ಮಣ್ಣಿನೊಳಕ್ಕೆ ಎರಡು ಅಂಗುಲ ಬೆರಳಿಟ್ಟು ನೋಡಿರಿ. ಒಳಗೆ ತೇವವಿದ್ದರೆ ನೀರು ಬೇಡ. ಒಣಗಿದ್ದರೆ ಬೇರಿಗೆ ತಲಪುವಂತೆ ನಿಧಾನವಾಗಿ, ಧಾರಾಳವಾಗಿ ಎರೆಯಿರಿ. ದಿನವೂ ಚೆಂಬಿನಿಂದ ಚಿಮುಕಿಸಿದ ನೀರು ಮೇಲಿನ ಮಣ್ಣನ್ನು ಮಾತ್ರ ನೆನೆಸಿ ಆವಿಯಾಗುವುದು. ಬೇರುಗಳೂ ಆ ಅಲ್ಪ ತೇವವನ್ನು ಹುಡುಕುತ್ತ ಮೇಲಕ್ಕೆ ಬಂದು ಬಿಸಿಲಿಗೆ ಬೇಯುವುವು.

ನೀರೆರೆದ ಪಾತಿಯನ್ನು ಬೆತ್ತಲೆ ಬಿಡಬಾರದು. ತರಗೆಲೆ, ಒಣಹುಲ್ಲು, ಕತ್ತರಿಸಿದ ತೆಂಗಿನ ಗರಿ, ಯಾವುದನ್ನಾದರೂ ಎರಡು ಮೂರು ಅಂಗುಲ ದಪ್ಪವಾಗಿ ಹೊದಿಸಿದರೆ ತೇವವು ಬಹಳ ಹೊತ್ತು ನಿಲ್ಲುವುದು, ಕಳೆಯೂ ಕಡಮೆಯಾಗುವುದು. ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದೂರವಿರಲಿ. ಇಲ್ಲವಾದರೆ ಕಾಂಡವು ಕೊಳೆಯಬಹುದು, ಗೆದ್ದಲೂ ಬರಬಹುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಗೃಹಿಣಿಯರು ಬಚ್ಚಲಿಗೆ ಚೆಲ್ಲದೆ ಪಾತಿಗೆ ಹಾಕಲಿ. ಊರಿಗೆ ಹೋಗಬೇಕಾದವರು ಬಳ್ಳಿಯ ಪಕ್ಕದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರೆ, ನೀರು ಸ್ವಲ್ಪಸ್ವಲ್ಪವಾಗಿ ಜಿನುಗಿ ಬೇರನ್ನು ಕಾಪಾಡುವುದು.

ಈ ಕಾಲದಲ್ಲಿ ಬಿತ್ತತಕ್ಕವು ಬೆಂಡೆ, ಹೀರೆ, ಹಾಗಲ, ಸೋರೆ, ಸೌತೆ, ದಂಟು ಮುಂತಾದುವು. ಹಾಗಲದ ಬೀಜದ ಸಿಪ್ಪೆಯು ಗಟ್ಟಿಯಾದುದರಿಂದ ಒಂದು ರಾತ್ರಿ ನೆನೆಸಿ ಬಿತ್ತಬೇಕು. ಕೊತ್ತಂಬರಿಯು ಬಿಸಿಲಿಗೆ ಬೇಗನೆ ಹೂವಿಗೆ ಹೋಗುವುದರಿಂದ ಅದಕ್ಕೆ ನೆರಳಿನ ಜಾಗವೇ ಲೇಸು. ಹೊಸದಾಗಿ ನೆಟ್ಟ ಸಸಿಗಳಿಗೆ ಪಶ್ಚಿಮದ ಕಡೆ ತೆಂಗಿನ ಗರಿಯೊಂದನ್ನು ನಿಲ್ಲಿಸಿದರೆ ಇಳಿಹೊತ್ತಿನ ಸುಡುಬಿಸಿಲು ತಪ್ಪುವುದು.

ಇನ್ನು ಕೀಟಬಾಧೆ. ನಾವು ಸೋತುದು ಇಲ್ಲಿಯೇ. ಆ ವರ್ಷ ನಮ್ಮ ಕುಂಬಳದ ಬಳ್ಳಿಗೆ ಕೆಂಪು ದುಂಬಿಗಳು ಮುತ್ತಿ ಎಲೆಗಳನ್ನು ಜರಡಿಯಂತೆ ಮಾಡಿದುವು. ಸಹನೆಗೆಟ್ಟು ಅಂಗಡಿಯಿಂದ ವಿಷದ ಡಬ್ಬಿಯೊಂದನ್ನು ತಂದು, ಬೆಳಗ್ಗೆ ಹೂಗಳು ಅರಳಿದ್ದ ಹೊತ್ತಿನಲ್ಲಿಯೇ ಹಿತ್ತಲಿಗೆಲ್ಲಾ ಸಿಂಪಡಿಸಿದೆವು. ದುಂಬಿಗಳು ಸತ್ತುವು, ನಮಗೆ ವಿಜಯಗರ್ವವೂ ಉಂಟಾಯಿತು. ಎರಡು ದಿನಗಳ ಮೇಲೆ ನಾಲ್ಕು ವರ್ಷದ ನಮ್ಮ ಮೊಮ್ಮಗಳು ಎಳೆಸೌತೆಯೊಂದನ್ನು ಕಿತ್ತು ತಿನ್ನುತ್ತ ಅಂಗಳಕ್ಕೆ ಬಂದಳು. ನಮ್ಮ ಸಹಧರ್ಮಿಣಿಯು ಓಡಿಹೋಗಿ ಅದನ್ನು ಕಸಿದುಕೊಳ್ಳುವಷ್ಟರಲ್ಲಿ ಅರ್ಧವು ಹೊಟ್ಟೆಗೆ ಸೇರಿತ್ತು. ಡಬ್ಬಿಯನ್ನೂ ಮಗುವನ್ನೂ ಎತ್ತಿಕೊಂಡು ವೈದ್ಯರಲ್ಲಿಗೆ ಓಡಿದೆವು. ಅವರು ಪರೀಕ್ಷಿಸಿ, ರಾತ್ರಿಯೆಲ್ಲಾ ಎಚ್ಚರದಿಂದ ನೋಡಿಕೊಳ್ಳಿರೆಂದು ಹೇಳಿ ಕಳುಹಿಸಿದರು. ದೈವಕೃಪೆಯಿಂದ ಮಗುವಿಗೆ ಏನೂ ಆಗಲಿಲ್ಲ. ಅವಳು ಸುಖವಾಗಿ ನಿದ್ರಿಸಿದಳು. ನಾವು ಅವಳ ಉಸಿರನ್ನು ಕೇಳುತ್ತ ಬೆಳಗಿನವರೆಗೆ ಕುಳಿತಿದ್ದೆವು.

ಮಾರನೆಯ ದಿನ ಸಹಧರ್ಮಿಣಿಯು ಆ ಡಬ್ಬಿಯನ್ನು ನಮ್ಮ ಮುಂದಿಟ್ಟು, "ಏನೂಂದ್ರೆ, ಅಷ್ಟೊಂದು ಶ್ಲೋಕಗಳನ್ನು ಬಾಯಿಪಾಠ ಒಪ್ಪಿಸುವ ನೀವು ಇದರ ಮೇಲಿನ ನಾಲ್ಕು ಸಾಲು ಓದಿಕೊಳ್ಳಬಾರದಾಗಿತ್ತೇ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದೆಂಬುದು ಡಬ್ಬಿಯೊಡನಿದ್ದ ಕಾಗದದಲ್ಲಿ ಅಚ್ಚಾಗಿತ್ತು. ವಿಷದ ಡಬ್ಬಿಗಳ ಮೇಲೆ ಬಣ್ಣದ ಗುರುತೂ ಇರುವುದು: ಕೆಂಪು ಅತ್ಯುಗ್ರ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಅಲ್ಪವೆಂದರೆ ನಿರಪಾಯವೆಂದು ಅರ್ಥವಲ್ಲ.

ಶಿಕ್ಷೆಯು ಅಷ್ಟಕ್ಕೇ ಮುಗಿಯಲಿಲ್ಲ. ಕುಂಬಳದ ಮಿಡಿಗಳು ಒಂದೊಂದಾಗಿ ಹಳದಿಯಾಗಿ ಉದುರತೊಡಗಿದುವು. ನೆರೆಮನೆಯ ತರಕಾರಿ ಮಾರುವ ಅಜ್ಜಿಯನ್ನು ಕೇಳಿದಾಗ, "ಮೇಷ್ಟ್ರೇ, ಜೇನುಹುಳ ಓಡಿಸ್ಬಿಟ್ಟು ಕಾಯಿ ಬಾ ಅಂದ್ರೆ ಎಲ್ಲಿಂದ ಬಂದಾತು?" ಎಂದು ನಕ್ಕಳು. ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿಯಿರುವುದು. ಗಂಡಿಗೆ ಬರಿಯ ತೊಟ್ಟು. ಪರಾಗವನ್ನು ಒಯ್ಯುವ ಜೇನು ಬಾರದಿದ್ದರೆ ಮಿಡಿಯು ನಿಲ್ಲದು. ಅಜ್ಜಿಯು ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿ ತೋರಿಸಿದಳು. ಇದನ್ನು ಹೂವು ಬಾಡುವುದಕ್ಕೆ ಮೊದಲು, ಬೆಳಗಿನಲ್ಲಿಯೇ ಮಾಡಬೇಕು. ಹೀರೆ, ಸೋರೆಗಳ ಹೂವು ಸಂಜೆ ಅರಳುವುದರಿಂದ ಅವಕ್ಕೆ ಸಂಜೆಯೇ ಸಮಯ. ಆ ವರ್ಷ ನಮಗೆ ದಕ್ಕಿದ ಮೂರು ಕುಂಬಳಕಾಯಿಗಳೂ ಆ ಅಜ್ಜಿಯ ಪ್ರಸಾದವೇ.

ಅಂದಿನಿಂದ ನಮ್ಮ ಹಿತ್ತಲಿಗೆ ವಿಷದ ಡಬ್ಬಿಯು ಬಂದಿಲ್ಲ. ಕೆಂಪು ದುಂಬಿಗಳು ಮುಂಜಾನೆ ಜಡವಾಗಿರುವಾಗ ಅವನ್ನು ಹಿಡಿದು ಸೋಪಿನ ನೀರಿಗೆ ಹಾಕುತ್ತೇವೆ. ದಾಸವಾಳಕ್ಕೆ ಹತ್ತಿಯಂತೆ ಅಂಟುವ ಹಿಟ್ಟುತಿಗಣೆಯನ್ನು ನೀರಿನ ರಭಸದಿಂದ ತೊಳೆದು, ಬಹಳ ಹತ್ತಿದ ರೆಂಬೆಯನ್ನು ಕತ್ತರಿಸುತ್ತೇವೆ. ಅದರ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಸಾಕುವುದರಿಂದ, ಇರುವೆಯ ಸಾಲು ಕಂಡೊಡನೆ ಎಲೆಯಡಿಯನ್ನು ನೋಡತಕ್ಕದ್ದು. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣವು ಹರಡುವ ರೋಗ. ಅದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ಉಳಿದುವನ್ನು ಉಳಿಸಿಕೊಳ್ಳಬೇಕು. ಹಣ್ಣುನೊಣವು ಕೆಡಿಸಿದ ಹಾಗಲಕಾಯಿಯನ್ನು ತಿಪ್ಪೆಗೆಸೆಯದೆ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಬೇಕು. ಎಳೆಗಾಯಿಗಳಿಗೆ ಕಾಗದದ ಚೀಲವನ್ನು ತೊಡಿಸಬಹುದು. ಇದಕ್ಕೂ ಮೀರಿದರೆ, 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಬಿಸಿಲಿಳಿದ ಮೇಲೆ ಹೂಗಳಿಗೆ ತಾಗದಂತೆ ಎಲೆಯಡಿಗೆ ಸಿಂಪಡಿಸುತ್ತೇವೆ.

ಇಷ್ಟರಿಂದ ನಷ್ಟವೇ ಆಗದೆಂದು ನಾವು ಹೇಳೆವು. ಕೆಲವು ಎಲೆಗಳನ್ನು ಹುಳುಗಳು ತಿನ್ನುವುವು, ಕೆಲವು ಕಾಯಿಗಳು ಹಾಳಾಗುವುವು. ಆದರೆ ಹಿತ್ತಲನ್ನು ಬೆಳೆಸುವುದು ಮನೆಯ ಮಕ್ಕಳು ನಿರ್ಭಯವಾಗಿ ಕಿತ್ತು ತಿನ್ನಲೆಂದಲ್ಲವೇ? ಭರಣಿಯ ಮಳೆ ಬೀಳುವವರೆಗೆ ಪ್ರತಿದಿನ ಬೆಳಗ್ಗೆ ಕಾಲು ಗಂಟೆಯ ಕಾಲ ಎಲೆಯಡಿಯನ್ನೂ ಪಾತಿಯ ಮಣ್ಣನ್ನೂ ನೋಡಿದರೆ ಬಹುಪಾಲು ತೊಂದರೆಗಳು ಮೊಳಕೆಯಲ್ಲಿಯೇ ಸಿಕ್ಕುವುವು. ನಮ್ಮ ಮೊಮ್ಮಗಳು ಈಗ ಈ ಕೆಲಸದಲ್ಲಿ ನಮಗಿಂತ ಚುರುಕು. ಸೌತೆಯನ್ನು ಕೀಳುವ ಮುನ್ನ ಮಾತ್ರ, "ತಾತ, ಔಷಧ ಹೊಡೆದಿದೀಯಾ?" ಎಂದು ಇಂದಿಗೂ ಕೇಳುತ್ತಾಳೆ. ಇಲ್ಲವೆಂದು ಅವಳಿಗೆ ಹೇಳುವಾಗಲೆಲ್ಲ ನಮ್ಮ ಮನಸ್ಸು ಹಗುರಾಗುತ್ತದೆ.