ಭೂಗರ್ಭದ ಬಿಸಿನೀರ ಕಾರಂಜಿ

ಗೀಸರ್ ಎಂದೊಡನೆ ನಮಗೆ ನೆನಪಾಗುವುದು ಬಚ್ಚಲುಮನೆಯ ವಿದ್ಯುತ್ ಹಂಡೆ. ಆದರೆ ಆ ಹೆಸರು ಮೂಲತಃ ಐಸ್‌ಲೆಂಡ್ ದೇಶದ ಒಂದು ಬಿಸಿನೀರ ಚಿಲುಮೆಯದು. ಚಿಮ್ಮುವಂಥದು ಎಂದು ಅದರ ಅರ್ಥ. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರುತೀರ್ಥದಲ್ಲಿ ಬೆಚ್ಚನೆಯ ಒರತೆಯೊಂದಿದೆಯಾದರೂ ಅದು ಚಿಮ್ಮುವುದಿಲ್ಲ. ಚಿಮ್ಮುವುದನ್ನು ಕಣ್ಣಾರೆ ಕಾಣಲು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವೇ ತಕ್ಕ ಸ್ಥಳ. ಜಗತ್ತಿನ ಗೀಸರ್‌ಗಳಲ್ಲಿ ಸುಮಾರು ಅರ್ಧದಷ್ಟು ಅಲ್ಲಿವೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರಿಗೆ ಈ ಮಾತುಗಳು ಉಪಯೋಗವಾದಾವು.

ಮಳೆ, ಹಿಮಗಳ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಗರ್ಭದ ಶಾಖದಿಂದ ಕಾಯುತ್ತದೆ. ಮೇಲಿನ ನೀರಿನ ಭಾರದಿಂದಾಗಿ, ಕುದಿಯುವ ಮಟ್ಟವನ್ನು ಮೀರಿ ಕಾದರೂ ಅದು ಆವಿಯಾಗದೆ ಉಳಿಯುತ್ತದೆ. ಇಕ್ಕಟ್ಟಾದ ಕೊಳವೆಯಿಂದ ಸ್ವಲ್ಪ ನೀರು ಹೊರಚೆಲ್ಲಿದೊಡನೆ ಒತ್ತಡ ತಗ್ಗಿ, ಕೆಳಗಿನ ನೀರು ಒಮ್ಮೆಲೇ ಆವಿಯಾಗಿ ಉಳಿದುದನ್ನು ಮೇಲಕ್ಕೆಸೆಯುತ್ತದೆ. ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಅವಸರದಿಂದ ತೆಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಯ ಗೀಸರ್‌ಗಳಲ್ಲಿ ಹೆಸರಾದುದು ‘ಓಲ್ಡ್ ಫೇಯ್ತ್‌ಫುಲ್’. 1870ರಲ್ಲಿ ಬಂದ ಅನ್ವೇಷಕರ ತಂಡವೊಂದು, ನೆಚ್ಚಬಹುದಾದ ಹಿರಿಯನೆಂಬ ಭಾವದಲ್ಲಿ ಇಟ್ಟ ಹೆಸರಿದು. ಇದು 106ರಿಂದ 185 ಅಡಿಗಳವರೆಗೆ ಚಿಮ್ಮುತ್ತದೆ. ಒಂದೂವರೆಯಿಂದ ಐದು ನಿಮಿಷ ನಿಲ್ಲುತ್ತದೆ. ಹಿಂದಿನ ಸಲ ಅಲ್ಪಕಾಲ ಚಿಮ್ಮಿದ್ದರೆ ಒಂದು ಗಂಟೆಯ ಆಸುಪಾಸಿನಲ್ಲಿಯೇ ಮತ್ತೆ ಏಳುತ್ತದೆ. ದೀರ್ಘವಾಗಿ ಚಿಮ್ಮಿದ್ದರೆ ಒಂದೂವರೆ ಗಂಟೆ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಯಬೇಕು.

ಚಿತ್ರ ತೆಗೆಯುವವರು ಮೊದಲು ಗಾಳಿಯ ದಿಕ್ಕನ್ನು ನೋಡಬೇಕು. ಗಾಳಿ ಬೆನ್ನಿಗಿದ್ದರೆ ಆವಿ ದೂರ ಸರಿದು ನೀರಿನ ಕಂಬ ತೆರೆದು ಕಾಣುತ್ತದೆ. ಚಳಿಯ ಬೆಳಗಿನಲ್ಲಿ ಆವಿ ದಟ್ಟವಾಗಿದ್ದು ನೋಟಕ್ಕೆ ಸೊಗಸು. ಆದರೆ ನೀರು ಮರೆಯಾದೀತು. ಆರಂಭದ ಸಣ್ಣ ಚಿಮ್ಮುಗಳಿಗೆ ಮರುಳಾಗದೆ ಕಾಯಬೇಕು. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಚೌಕಟ್ಟಿನ ಮೇಲ್ಗಡೆ ಆಕಾಶಕ್ಕೆ ಸ್ಥಳ ಬಿಡಬೇಕು. ಕೆಳಗೆ ನಾಲ್ಕು ಜನ ಕಾಣುವಂತಿದ್ದರೆ ಎತ್ತರದ ಅಂದಾಜಾಗುತ್ತದೆ. ತುಂತುರಿನಲ್ಲಿ ಸಿಲಿಕಾ ಇರುವುದರಿಂದ ಮಸೂರವನ್ನು ಆಗಿಂದಾಗ್ಗೆ ಒರೆಸಬೇಕು. ಒಣಗಿದರೆ ಕಲೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರದ ಹಲಗೆಯ ದಾರಿಯನ್ನು ಬಿಟ್ಟಿಳಿಯಬಾರದು. ನೆಲದ ಪದರ ತೆಳುವಾದುದು. ಈ ಉದ್ಯಾನದ ಬಿಸಿನೀರಿನಲ್ಲಿ ಬೆಂದು ಸತ್ತವರು ಇಪ್ಪತ್ತಕ್ಕೂ ಹೆಚ್ಚು ಮಂದಿ.

ಈ ಸ್ಥಳ ಉಳಿದುದರಲ್ಲಿ ಛಾಯಾಚಿತ್ರಗಳ ಪಾಲೂ ಇದೆ. 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಹೋಗಿ ತೆಗೆದ ಚಿತ್ರಗಳನ್ನು ಅಮೆರಿಕದ ಸಂಸತ್ತಿನ ಸದಸ್ಯರಿಗೆ ತೋರಿಸಲಾಯಿತು. 1872ರ ಮಾರ್ಚ್ 1ರಂದು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು.

ಹಾಗಿದ್ದೂ ಕೇಡು ತಪ್ಪಲಿಲ್ಲ. ಅಲ್ಲಿಯ ‘ಮಾರ್ನಿಂಗ್ ಗ್ಲೋರಿ’ ಎಂಬ ನೀಲಿ ಕೊಳಕ್ಕೆ ಜನ ನಾಣ್ಯ, ಕಸಗಳನ್ನು ಎಸೆದುದರಿಂದ ಒಳದಾರಿ ಕಟ್ಟಿ, ಶಾಖ ತಗ್ಗಿ, ಬಣ್ಣವೇ ಬದಲಾಯಿತು. ಪುಷ್ಕರಿಣಿಗೆ ಕಾಸು ಹಾಕಿ ರೂಢಿಯಾದ ನಾವೂ ಇದನ್ನು ನೆನಪಿಡಬೇಕು. ನ್ಯೂಜಿಲೆಂಡಿನ ರೊಟೊರುವಾ ಪಟ್ಟಣದಲ್ಲಿ ಬಿಸಿನೀರಿಗಾಗಿ ಜನ ಕೊಳವೆಬಾವಿಗಳನ್ನು ಕೊರೆಯುತ್ತ ಹೋದಂತೆ ಗೀಸರ್‌ಗಳು ಕ್ಷೀಣಿಸಿದವು. ಅವುಗಳಿಂದ ಒಂದೂವರೆ ಕಿಲೋಮೀಟರಿನೊಳಗಿನ ಬಾವಿಗಳನ್ನು ಮುಚ್ಚಬೇಕೆಂದು 1986ರಲ್ಲಿ ಸರಕಾರ ಆಜ್ಞೆ ಮಾಡಿತು. ಬಳಿಕ ಚಿಲುಮೆಗಳು ಚೇತರಿಸಿಕೊಂಡವು.

ಪೆನ್ನೆಯ ದಂಡೆಯ ರೊದ್ದಂ ಸೀಮೆಯಲ್ಲಿ ನಮಗೆ ಗೊತ್ತಿರುವ ಚಿಮ್ಮು ಒಂದೇ: ಬೋರು ಕೊರೆಯುವಾಗ ಕೆಸರುನೀರು ಮೇಲೆದ್ದು, ಸುತ್ತ ನೆರೆದವರ ಮುಖ ಅರಳುವುದು. ಅಲ್ಲಿಯಂತೆ ಇಲ್ಲಿಯೂ ಆ ನೀರು ಎಂದೋ ಬಿದ್ದ ಮಳೆಯದು. ರೊಟೊರುವಾದವರು ಬಾವಿ ಮುಚ್ಚಿ ಚಿಲುಮೆಯನ್ನು ಉಳಿಸಿಕೊಂಡರು. ಬಾವಿಯನ್ನೇ ನೆಚ್ಚಿದ ನಾವು, ಎತ್ತಿದಷ್ಟನ್ನು ಕೆರೆಯ ಮೂಲಕ ನೆಲಕ್ಕೆ ಮರಳಿಸುವ ಬಗೆಯನ್ನಾದರೂ ಯೋಚಿಸಬೇಡವೆ?