ಕಲ್ಲಿನ ಜತೆ ಬಂದವರು

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಕಡಲು ಕಾಣಲು ಸುಮಾರು 130 ಕಿಲೊಮೀಟರ್ ಹೋಗಬೇಕು. ಆದರೆ ಹುಬ್ಬಳ್ಳಿ-ಧಾರವಾಡದ ಪಡಸಾಲೆಯಲ್ಲೇ ಕಡಲ ನೀರು ತಯಾರಿಸುವುದು ಕಷ್ಟವಲ್ಲ. ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂನಂತೆ ಕಡಲ ಅಕ್ವೇರಿಯಂ ಉಪ್ಪು ಬೆರೆಸಿದರಾಯಿತು. ಕಷ್ಟ ಇರುವುದು ಆ ನೀರಿನಲ್ಲಿ ಮೀನು ಬದುಕುವಂತೆ ಮಾಡುವುದರಲ್ಲಿ. ಆ ಕೆಲಸವನ್ನು ಹೆಚ್ಚಿನ ಟ್ಯಾಂಕುಗಳಲ್ಲಿ ಕಲ್ಲು ಮಾಡುತ್ತದೆ.

‘ಲೈವ್ ರಾಕ್’ ಎನ್ನುವುದು ಸತ್ತ ಹವಳಗಳು ಬಿಟ್ಟುಹೋದ ಸುಣ್ಣದ ಕಲ್ಲು. ಮೈತುಂಬ ತೂತು. ಅದರ ಹೊರಮೈಯ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಆಮ್ಲಜನಕ ತಲುಪದ ಒಳತೂತುಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳಿದ್ದು, ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. 1960ರ ದಶಕದಲ್ಲೇ ಜಕಾರ್ತಾದ ಲೀ ಚಿನ್ ಇಂಗ್ ಇಂಥ ಕಲ್ಲು ಮತ್ತು ಗಾಳಿಗುಳ್ಳೆಗಳನ್ನಷ್ಟೇ ನೆಚ್ಚಿ ಟ್ಯಾಂಕು ನಡೆಸಿ ತೋರಿಸಿದ್ದರು.

ಬ್ಯಾಕ್ಟೀರಿಯಾ ಹೊಕ್ಕ ತೂತಿನಲ್ಲಿ ಬೇರೆಯವರೂ ಹೊಕ್ಕಿರುತ್ತಾರೆ. ಟ್ಯಾಂಕಿಗೆ ಕಲ್ಲಿಟ್ಟು ಕೆಲವು ವಾರಗಳಾದ ಮೇಲೆ, ರಾತ್ರಿ ದೀಪ ಆರಿಸಿ ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನೋಡಿದರೆ ಒಬ್ಬೊಬ್ಬರೇ ಹೊರಬರುವುದು ಕಾಣುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಬ್ರಿಸಲ್ ವರ್ಮ್. ಗುಲಾಬಿ ಮೈ, ಎರಡೂ ಬದಿಗೆ ಬಿಳಿ ರೋಮದ ಸಾಲು. ಇದರ ಬಳಗದ ಬೆಂಕಿಹುಳುಗಳ ರೋಮ ಸುಣ್ಣದ್ದು, ಮುಟ್ಟಿದರೆ ಬೆರಳಲ್ಲಿ ಮುರಿದು ಉಳಿದು ಉರಿಯುತ್ತದೆ. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಹೆಚ್ಚಿನವು ಹೊರಬರುತ್ತವೆ. ನೋಡಿದವರು ಹೌಹಾರಿ ಕಲ್ಲನ್ನೇ ಎಸೆಯಲು ಹೊರಡುತ್ತಾರೆ. ಆದರೆ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಸಿಗುವ ಈ ಹುಳುಗಳು ಮೀನು ತಿನ್ನದೆ ಬಿಟ್ಟ ಕಾಳನ್ನು, ಸಂದಿಯಲ್ಲಿ ಸತ್ತ ಬಸವನಹುಳುವನ್ನು ತಿಂದು ನೀರು ಕೆಡದಂತೆ ಕಾಯುತ್ತವೆ. ಅವುಗಳ ಸಂಖ್ಯೆ ಏರಿದೆ ಎಂದರೆ ನೀವು ಹಾಕುವ ಆಹಾರ ಹೆಚ್ಚಾಗಿದೆ ಎಂದರ್ಥ. ಕೈ ಬಿಗಿ ಹಿಡಿದರೆ ಹುಳುಗಳೂ ಇಳಿಯುತ್ತವೆ.

ಐಪ್ಟೇಸಿಯಾ ಹಾಗಲ್ಲ. ಕಂದು ಬಣ್ಣದ, ಒಂದೆರಡು ಸೆಂಟಿಮೀಟರಿನ ಕಡಲ ಅನಿಮೊನಿ ಇದು. ನೋಡಲು ಚೆಂದ, ಆದರೆ ಪಕ್ಕದ ಹವಳವನ್ನು ಕುಟುಕಿ ಜಾಗ ಹಿಡಿಯುತ್ತದೆ. ಚಾಕುವಿನಿಂದ ಕೆರೆದರೆ ಕಲ್ಲಿಗೆ ಅಂಟಿ ಉಳಿದ ಪಾದದ ಚೂರುಗಳು ಒಂದೊಂದೂ ಹೊಸ ಅನಿಮೊನಿಯಾಗುತ್ತವೆ. ಹಾಗಾಗಿ ಅನುಭವಸ್ಥರು ಚಾಕು ಮುಟ್ಟುವುದಿಲ್ಲ. ಎಲೆಯಡಿಕೆಯ ಸುಣ್ಣವೂ ಆಗಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಶುದ್ಧ ಪುಡಿಯನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಗೇ ಸುರಿಯುತ್ತಾರೆ. ಒಮ್ಮೆಗೆ ಒಂದೆರಡಕ್ಕಷ್ಟೇ, ಇಲ್ಲವಾದರೆ ಇಡೀ ಟ್ಯಾಂಕಿನ ಪಿಎಚ್ ಏರುತ್ತದೆ. ಪೆಪ್ಪರ್‌ಮಿಂಟ್ ಸೀಗಡಿ ಬಿಡುವುದು ಇನ್ನೊಂದು ದಾರಿ.

ರಾತ್ರಿ ಗಾಜಿನಿಂದ ‘ಟಕ್’ ಎಂಬ ಸದ್ದು, ಬೆಳಗ್ಗೆ ಒಡೆದ ಚಿಪ್ಪು ಕಂಡರೆ ಮ್ಯಾಂಟಿಸ್ ಸೀಗಡಿಯ ಮೇಲೆ ಅನುಮಾನಪಡಬಹುದು. ಮಲ್ಪೆ, ಮಂಗಳೂರಿನ ಟ್ರಾಲ್ ಬಲೆಗೆ ರಾಶಿರಾಶಿ ಬಿದ್ದು ಮೀನುಹುಡಿಯಾಗುವ ಜಾತಿಗಳ ಬಂಧು ಇದು. ಅವು ಇರಿಯುತ್ತವೆ, ಕಲ್ಲಿನಲ್ಲಿ ಅಡಗುವವು ಹೆಚ್ಚಾಗಿ ಗುದ್ದುತ್ತವೆ. ಗುದ್ದುವ ತೋಳಿನ ಬುಡದಲ್ಲಿ ಸ್ಪ್ರಿಂಗಿನಂತೆ ಬಾಗುವ ಗಟ್ಟಿ ಚಿಪ್ಪಿದೆ. ಸ್ನಾಯು ಅದನ್ನು ನಿಧಾನವಾಗಿ ಬಗ್ಗಿಸುತ್ತದೆ, ಕೊಂಡಿ ಹಿಡಿದಿಡುತ್ತದೆ. ಕೊಂಡಿ ತಪ್ಪಿದಾಗ ತೋಳು ಸೆಕೆಂಡಿಗೆ 23 ಮೀಟರ್ ವೇಗದವರೆಗೂ ಚಿಮ್ಮುತ್ತದೆ. ಶೀಲಾ ಪಟೇಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಳತೆ ಇದು. ಆ ರಭಸಕ್ಕೆ ನೀರಿನಲ್ಲಿ ಆವಿಗುಳ್ಳೆ ಎದ್ದು ಒಡೆಯುತ್ತದೆ. ಚಿಪ್ಪಿಗೆ ಅದು ಎರಡನೇ ಏಟು. ಕಲ್ಲನ್ನು ಹೊರತೆಗೆದು ಬಿಲದೊಳಕ್ಕೆ ಸೋಡಾ ಸುರಿದರೆ ಅದು ತಾನಾಗಿ ಹೊರಗೆ ಬರುತ್ತದೆ.

ಇನ್ನೂ ದೊಡ್ಡವರೂ ಅಡಗಿರಬಹುದು. ಇಂಗ್ಲೆಂಡಿನ ನ್ಯೂಕ್ವೇಯ ಅಕ್ವೇರಿಯಂ ಒಂದರಲ್ಲಿ ಹವಳಗಳು ತುಂಡಾಗುತ್ತಿದ್ದವು. 2009ರಲ್ಲಿ ಕಲ್ಲನ್ನೆಲ್ಲ ಕಳಚಿ ನೋಡಿದಾಗ ನಾಲ್ಕು ಅಡಿ ಉದ್ದದ ಹುಳು ಸಿಕ್ಕಿತು.

ನಮ್ಮಲ್ಲಿ ಈ ಹವ್ಯಾಸಕ್ಕೆ ಒಂದು ಗಟ್ಟಿ ಗಡಿಯಿದೆ. 2001ರಿಂದ ಬಂಡೆಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಡೈವ್ ಮಾಡಿ ಹವಳ ನೋಡಬಹುದು, ಅಲ್ಲಿಂದ ತುಂಡು ಕಲ್ಲನ್ನೂ ತರುವಂತಿಲ್ಲ. ಕೃತಕ ಕಲ್ಲನ್ನು ನಡೆಯುತ್ತಿರುವ ಟ್ಯಾಂಕಿನಲ್ಲಿ ನೆನೆಸಿ ಬ್ಯಾಕ್ಟೀರಿಯಾ ಹತ್ತಿಸಿಕೊಳ್ಳುವುದೇ ಸರಿಯಾದ ದಾರಿ. ಹಾಗೆ ನೆನೆದ ಕಲ್ಲಿಗೂ ಹುಳು, ಐಪ್ಟೇಸಿಯಾ ಏರಿಕೊಳ್ಳುತ್ತವೆ.

ಬೇಡವಾದವರನ್ನು ಕಾರವಾರಕ್ಕೆ ಹೋದಾಗ ಕಡಲಿಗೆ ಬಿಟ್ಟುಬರೋಣ ಎನಿಸಬಹುದು. ಅದು ಪುಣ್ಯದ ಕೆಲಸವಲ್ಲ. 1984ರಲ್ಲಿ ಮೊನಾಕೊದ ಕಡಲ ಮ್ಯೂಸಿಯಂ ಕೆಳಗೆ ಒಂದು ಚದರ ಮೀಟರಿನಷ್ಟು ಕಂಡ ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ, ಮುಂದೆ ಮೆಡಿಟರೇನಿಯನ್ನಿನ ಹಲವು ದೇಶಗಳ ತೀರಕ್ಕೆ ಹಬ್ಬಿತು. ಆದ್ದರಿಂದ ಬೇಡವಾದದ್ದನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಇಲ್ಲವೇ ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಿ. ಅದಕ್ಕೂ ಮೊದಲು ಅದು ನಿಜಕ್ಕೂ ಬೇಡವಾದದ್ದು ಹೌದೋ ಅಲ್ಲವೋ ಗುರುತಿಸಿ. ಹತ್ತರಲ್ಲಿ ಒಂಬತ್ತು ಸಲ ಅದು ನಿಮ್ಮ ಟ್ಯಾಂಕಿನ ಕೆಲಸಗಾರನೇ ಆಗಿದ್ದೀತು.